ಎಂಟೋ? ಹತ್ತೋ?

ಹೆಣ್ಣು ನೋಡಿ ಒಪ್ಪಿಕೊಳ್ಳುವುದಕ್ಕೆ ನಾನು ತೆಗೆದುಕೊಂಡದ್ದು ಅರ್ಧ ಗಂಟೆ. ನನ್ನ ಮಗ ತನ್ನ ಹಳೆಯ ಕಾರಿನ ಎಂಜಿನ್ನಿಗೆ ಒಂದು ಅಂಕಿಯನ್ನು ಗೊತ್ತುಮಾಡುವುದಕ್ಕೆ ತೆಗೆದುಕೊಂಡದ್ದು ಮೂರು ವಾರ. ಆ ಮೂರು ವಾರವೂ ನಾನು ಅಮೆರಿಕದ ಮಿಷಿಗನ್‌ನಲ್ಲಿದ್ದೆ. ಸಂಜೆ ಆಫೀಸಿನಿಂದ ಬಂದವನೇ ಅವನು ಗ್ಯಾರೇಜು ಸೇರುತ್ತಿದ್ದ. ಹಿಂದೆಯೇ ನಾನೂ ಹೋಗಿ ಒಂದು ಮಡಿಚುವ ಕುರ್ಚಿಯ ಮೇಲೆ ಕೂರುತ್ತಿದ್ದೆ. ಮಗನ ಮನೆಗೆ ಬಂದ ಮುದುಕನಿಗೆ ಬೇರೇನು ಉದ್ಯೋಗ?

ಆ ಅಂಕಿಯ ಹೆಸರು ಕಂಪ್ರೆಷನ್ ರೇಷಿಯೊ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ನಾನೇ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ ಹೆಸರು. ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಜಾಗ, ಅದು ಮೇಲೆ ಬಂದಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದಷ್ಟೇ ಅದರ ಅರ್ಥ. ಎಂಟು ಪಾವನ್ನು ಒಂದು ಪಾವಿಗೆ ಅದುಮಿದರೆ ಎಂಟು. ಹತ್ತನ್ನು ಅದುಮಿದರೆ ಹತ್ತು. ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ. ಜೊತೆಗೆ ಹೆಚ್ಚು ಕಾವು. ಕಾವು ಮಿತಿಮೀರಿದರೆ, ಪ್ಲಗ್ಗಿನಿಂದ ಹೊರಟ ಉರಿ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಕೇಳಿದರೆ ಬಾಣಲೆಯಲ್ಲಿ ಕಡಲೆ ಸಿಡಿದಂತೆ.

ಇದರ ಮೇಲೆ ಟರ್ಬೊ ಬೇರೆ! ಎಂಜಿನ್ನು ಉಗುಳುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಮತ್ತಷ್ಟು ಗಾಳಿ ತುರುಕುವ ಯಂತ್ರ. ಮಗ ಬಯಸಿದ್ದು ಚದರ ಅಂಗುಲಕ್ಕೆ 7 ಪೌಂಡು ಹೆಚ್ಚಿನ ಒತ್ತಡ. ವಾತಾವರಣದ ಒತ್ತಡವೇ 14.7; ಅಂದಮೇಲೆ ಹೆಚ್ಚುಕಡಿಮೆ ಒಂದೂವರೆ ಪಾಲು ಗಾಳಿ. ಹೊಟ್ಟೆ ತುಂಬ ಉಂಡವನಿಗೆ ಇನ್ನರ್ಧ ಊಟದ ಉಪಚಾರ.

“ಹತ್ತು ಇಡೋಣ ಅಪ್ಪಾ,” ಎಂದ ಮಗ. “ಊರೊಳಗೆ ಟರ್ಬೊ ಏಳುವುದೇ ಅಪರೂಪ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಗಾಡಿ ಚುರುಕಾಗಿರಬೇಡವೆ?”

ಮಾತಿನಲ್ಲಿ ಹುರುಳಿತ್ತು. ಪಂದ್ಯದ ಕಾರಿನ ಮಾತು ಬೇರೆ. ರಸ್ತೆಯ ಕಾರು ತನ್ನ ಆಯುಷ್ಯದ ಬಹುಭಾಗವನ್ನು ಟರ್ಬೊದ ನೆರವಿಲ್ಲದೆಯೇ ಕಳೆಯುತ್ತದೆ. ಆದರೆ ಕಾರಿನ ಕಾರ್ಖಾನೆಯಿಂದ ನಿವೃತ್ತರಾದ ನೆರೆಮನೆಯ ಹಿರಿಯರು, “ಎಂಟು. ಅದಕ್ಕಿಂತ ಕೂದಲೆಳೆಯಷ್ಟೂ ಮೇಲೆ ಬೇಡ” ಎಂದುಬಿಟ್ಟರು.

ಈ ವ್ಯಾಜ್ಯ ಹೊಸದಲ್ಲ. ಇದೇ ಮಿಷಿಗನ್ನಿನ ಜನರಲ್ ಮೋಟಾರ್ಸ್ ಸಂಸ್ಥೆ 1962ರಲ್ಲಿ ಎರಡು ಟರ್ಬೊ ಕಾರುಗಳನ್ನು ಹೊರತಂದಿತು. ಷೆವರ್ಲೆಯ ಕೊರ್ವೇರ್ ಮೋನ್ಜ ಸ್ಪೈಡರ್ 8 ಸಾಕೆಂದಿತು. ಓಲ್ಡ್ಸ್‌ಮೊಬೀಲಿನ ಜೆಟ್‌ಫೈರ್ 10.25 ಇಟ್ಟುಕೊಂಡಿತು. ಇಷ್ಟು ಅದುಮಿದ ಮೇಲೆ ನಾಕಿಂಗ್ ತಡೆಯಬೇಡವೆ? ಅದಕ್ಕೆಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮುಕಿಸುವ ಏರ್ಪಾಡು. ದ್ರವ ಮುಗಿದರೆ ಟರ್ಬೊದ ಒತ್ತಡ ತಾನಾಗಿ ತಗ್ಗುವಂತೆಯೂ ಮಾಡಿದ್ದರು. ಲೆಕ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಮನುಷ್ಯನ ಅಂದಾಜಿನಲ್ಲಿ. ಕಾರಿಗೆ ಪೆಟ್ರೋಲು ಹಾಕಿಸುವುದನ್ನೇ ಮರೆಯುವ ಜಾತಿ ನಮ್ಮದು; ಇನ್ನೊಂದು ಡಬ್ಬಿ ತುಂಬುವುದನ್ನು ನೆನಪಿಡುತ್ತೇವೆಯೆ? ಜೆಟ್‌ಫೈರ್ ಎರಡು ವರ್ಷದಲ್ಲಿ ನಿಂತಿತು. ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಿತ್ತು ಹಾಕಿದರು. ಕೊರ್ವೇರಿನ ಟರ್ಬೊ 1966ರವರೆಗೂ ನಡೆಯಿತು.

“ಅದು ಆ ಕಾಲ ಅಪ್ಪಾ. ಈಗಿನ ಟರ್ಬೊ ಎಂಜಿನ್ನುಗಳು ಹತ್ತರಲ್ಲೇ ಓಡುತ್ತವೆ,” ಎಂದ. ನಿಜ. ಆದರೆ ಅವುಗಳಲ್ಲಿ ಅನೇಕಕ್ಕೆ ಪೆಟ್ರೋಲು ನೇರ ಸಿಲಿಂಡರಿನೊಳಗೇ ಚಿಮ್ಮಿ ಅಲ್ಲಿಯ ಗಾಳಿಯನ್ನು ತಂಪು ಮಾಡುತ್ತದೆ. ನಾಕಿಂಗ್ ಆಲಿಸುವ ಕಿವಿಯೂ ಉಂಟು. ಇವನ ಹಳೆಯ ಎಂಜಿನ್ನಿಗೆ ಎರಡೂ ಇಲ್ಲ.

ಕಾಗದ ತೆಗೆದುಕೊಂಡು ಹಳೆಯ ಸೂತ್ರ ಬರೆದೆ. ಆದರ್ಶದ ಲೆಕ್ಕದಲ್ಲಿ ಎಂಟಕ್ಕೆ ನೂರಕ್ಕೆ 56.5ರಷ್ಟು ದಕ್ಷತೆ, ಹತ್ತಕ್ಕೆ 60.2. ನಾಲ್ಕೂ ಇಲ್ಲದ ಈ ಲಾಭಕ್ಕಾಗಿ ಎಂಜಿನ್ನನ್ನೇ ಪಣಕ್ಕಿಡುವುದೆ? ಅವನು ಕಾಗದ ನೋಡಿ ನಕ್ಕ. ಮೇಷ್ಟರ ಲೆಕ್ಕಕ್ಕೆ ಮಕ್ಕಳು ಎಂದು ಹೆದರಿದ್ದಾರೆ?

ಆಗ, ನಲವತ್ತು ವರ್ಷಕ್ಕೂ ಮೇಲ್ಪಟ್ಟು ಬಚ್ಚಿಟ್ಟಿದ್ದ ಮಾತೊಂದನ್ನು ಹೇಳಿಬಿಟ್ಟೆ.

1982ರಲ್ಲಿ ನನ್ನದೊಂದು ಹಳೆಯ ಮೋಟಾರ್ ಸೈಕಲ್ಲಿತ್ತು. ಕಾಲೇಜಿನ ಲೇತಿನ ಮೇಲೆ ಅದರ ಹೆಡ್ಡನ್ನು ಕೆತ್ತಿ ಕಂಪ್ರೆಷನ್ ಏರಿಸಿದ್ದೆ. ಊರೊಳಗೆ ಗಾಡಿ ಹಾರುತ್ತಿತ್ತು. ಬೇಸಗೆಯ ಒಂದು ಮಧ್ಯಾಹ್ನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚಾರ್ಮಾಡಿ ಘಟ್ಟ ಹತ್ತಿದೆ. ಕಡಲೆ ಸಿಡಿಯತೊಡಗಿತು. ಕೇಳಿಯೂ ಕೇಳದವನಂತೆ ಇನ್ನಷ್ಟು ತಿರುಪಿದೆ. ಒಂದು ತಿರುವಿನಲ್ಲಿ ಪಿಸ್ಟನ್ ತೂತಾಗಿ ಗಾಡಿ ನಿಂತಿತು. ಬೀಳಲಿಲ್ಲ ಎಂಬುದು ಯಾರದೋ ಪುಣ್ಯ. ಕತ್ತಲಾದ ಮೇಲೆ ಒಂದು ಲಾರಿ ಬರುವವರೆಗೂ ಅವಳು ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಆಗ ಅವಳು ಐದು ತಿಂಗಳ ಬಸುರಿ.

“ಹೊಟ್ಟೆಯಲ್ಲಿದ್ದವನು ನೀನು,” ಎಂದೆ.

ಮಗ ಕೈಗವಸು ತೆಗೆದು ಬೆಂಚಿನ ಮೇಲಿಟ್ಟ. “ಅಮ್ಮನಿಗೆ ಗೊತ್ತಿತ್ತೆ?”

“ಇಲ್ಲ. ಪ್ಲಗ್ಗು ಕೆಟ್ಟಿತು ಎಂದಿದ್ದೆ. ಕೊನೆಯವರೆಗೂ ಹಾಗೆಯೇ ನಂಬಿದ್ದಳು.”

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ನಾನೇ ಹೇಳಿದೆ: “ಟರ್ಬೊದ ಒತ್ತಡ ಸಹವಾಸದ ಗುಣವಿದ್ದ ಹಾಗೆ, ಹೆಚ್ಚಾಯಿತೆಂದು ಕಂಡರೆ ನಾಳೆ ಇಳಿಸಬಹುದು. ಪಿಸ್ಟನ್ನಿನಲ್ಲಿ ಕೂತ ಅಂಕಿ ಹುಟ್ಟುಗುಣ. ಬದಲಿಸಬೇಕಾದರೆ ಎಂಜಿನ್ನಿನ ಹೊಟ್ಟೆ ಕೊಯ್ಯಬೇಕು. ಇಲ್ಲಿ 93ರ ಪೆಟ್ರೋಲು ಸಿಗುತ್ತದೆ. ನೀನು ಹೋಗಬೇಕೆಂದಿರುವ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಸಿಗುವುದು 91. ಒಳ್ಳೆಯ ದಿನಕ್ಕೆ ಯಾವ ಅಂಕಿಯಾದರೂ ನಡೆದೀತು. ಕೆಟ್ಟ ದಿನವನ್ನು ನೆನೆದು ಆರಿಸು.”

ಮರುದಿನ ಅವನು ತಲೆಯಲ್ಲಿ ತಟ್ಟೆಯಂತೆ ತಗ್ಗಿರುವ ಪಿಸ್ಟನ್‌ಗಳನ್ನು ತರಿಸಲು ಬರೆದ. ಎಂಟೂವರೆ. ನೆರೆಮನೆಯವರ ಎಂಟಲ್ಲ, ತನ್ನ ಹತ್ತೂ ಅಲ್ಲ. ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡಲು ಒಂದು ಇಂಟರ್‌ಕೂಲರನ್ನೂ ತರಿಸಿದ.

ಹೊರಡುವ ಹಿಂದಿನ ಭಾನುವಾರ ನಮ್ಮ ಮೊದಲ ಸವಾರಿ. ಹಿಂದಿನ ಸೀಟಿನಲ್ಲಿ ಮೊಮ್ಮಗಳು. ಏರು ಬಂತು, ಟರ್ಬೊ ಎದ್ದಿತು, ಬೆನ್ನು ಸೀಟಿಗೆ ಅಂಟಿತು. ನಾನು ಕಣ್ಣು ಮುಚ್ಚಿ ಕಿವಿಯನ್ನು ಎಂಜಿನ್ನಿಗೆ ಕೊಟ್ಟೆ. ಕಟಕಟ! ಎದೆ ಧಸಕ್ಕೆಂದಿತು.

ತಿರುಗಿ ನೋಡಿದೆ. ನಾನು ಊರಿನಿಂದ ತಂದಿದ್ದ ಕೋಡುಬಳೆಯನ್ನು ಮೊಮ್ಮಗಳು ಕಡಿಯುತ್ತಿದ್ದಳು.