ತಲೆಕೆಳಗಾದ ಆನೆಗಳು

ಚಿತ್ರದ ಬಟ್ಟೆ ಕಂಡರೆ ನನ್ನ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ಹೂವು, ಬಳ್ಳಿ, ಮಾವಿನಕಾಯಿ ಇರುವ ಬಟ್ಟೆಯ ಮಾತಲ್ಲ, ಅದು ಎಲ್ಲರ ಬೀರುವಿನಲ್ಲೂ ಇದೆ. ನನಗೆ ಬೇಕಾದದ್ದು ಆಟೋರಿಕ್ಷಾ, ಕನ್ನಡಕ ಹಾಕಿದ ಗೂಬೆ, ಕಾಫಿಯ ಲೋಟ-ಡಬರಿ, ಛತ್ರಿ ಹಿಡಿದ ಬೆಕ್ಕು, ಸಾಲುಗಟ್ಟಿ ಹೊರಟ ಆನೆ ಅಚ್ಚಾಗಿರುವ ಹತ್ತಿಬಟ್ಟೆ. ಅಂಗಡಿಯವರು ಇದನ್ನು ಫ್ಯಾನ್ಸಿ ಪ್ರಿಂಟ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ‘ತೊಟ್ಟಿಲ ಬಟ್ಟೆ’ ಎಂದು ಹೆಸರು. ಥಾನು ಬಿಚ್ಚಿ ಹಾಸುವ ಹುಡುಗ ‘ಪಾಪೂಗೆ ಎಷ್ಟು ವರ್ಷ ಮೇಡಂ?’ ಎಂದು ಕೇಳುವುದು ವಾಡಿಕೆ. ‘ಐವತ್ತೆರಡು’ ಎಂದರೆ ಮೀಟರ್ ಕಡ್ಡಿ ಕೆಳಗಿಟ್ಟು ಒಮ್ಮೆ ಮುಖ ನೋಡುತ್ತಾನೆ. ಆಮೇಲೆ ಏನನ್ನಿಸುತ್ತದೋ, ಎರಡು ಬೆರಳು ಹೆಚ್ಚೇ ಅಳೆದು ಕೊಡುತ್ತಾನೆ.

ಇದನ್ನು ಹೊಲಿಸಲು ಟೈಲರ್ ಹತ್ತಿರ ಹೋದರೆ ಕೆಲಸ ಆಗುವುದಿಲ್ಲ. ನಮ್ಮ ಬೀದಿಯ ಟೈಲರ್ ಬ್ಲೌಸು ಹೊಲಿಯುವುದರಲ್ಲಿ ಎತ್ತಿದ ಕೈ, ಆದರೆ ಆನೆ ಕಂಡರೆ ಕೈ ಮುಗಿಯುತ್ತಾರೆ. ‘ಇದ್ರಲ್ಲಿ ಮೇಲೆ ಕೆಳಗೆ ನೋಡ್ಬೇಕು ಮೇಡಂ, ಬಟ್ಟೆ ಸಾಲಲ್ಲ, ಆಮೇಲೆ ನೀವು ನನ್ನೇ ಬೈತೀರಿ.’ ಅವರ ಮಾತು ನೂರಕ್ಕೆ ನೂರು ನಿಜ. ಸಾದಾ ಬಟ್ಟೆಗೆ ತಲೆಯಿಲ್ಲ, ಕಾಲಿಲ್ಲ. ಮುಂಭಾಗವನ್ನು ಒಂದು ದಿಕ್ಕಿಗೆ, ಹಿಂಭಾಗವನ್ನು ಇನ್ನೊಂದು ದಿಕ್ಕಿಗೆ ಮಲಗಿಸಿ, ಸಂದಿಯಲ್ಲಿ ತೋಳು ತುರುಕಿ, ಉಳಿದ ಚೂರಿನಲ್ಲಿ ಕೊರಳಪಟ್ಟಿ ತೆಗೆದು ಎರಡೂವರೆ ಮೀಟರಿನಲ್ಲಿ ಮುಗಿಸಿಬಿಡಬಹುದು. ಆನೆ ಬಂದ ಕೂಡಲೇ ಈ ಜಾಣತನವೆಲ್ಲ ಬಂದ್. ಒಂದೊಂದು ತುಂಡೂ ಆನೆಯ ಕಾಲು ಕೆಳಗೆ ಬರುವ ಹಾಗೆಯೇ ಮಲಗಬೇಕು. ಬಟ್ಟೆ ಹೆಚ್ಚು ಬೇಕು, ಚಿಂದಿ ಹೆಚ್ಚು ಉಳಿಯುತ್ತದೆ, ತಲೆ ಇನ್ನೂ ಹೆಚ್ಚು ಖರ್ಚಾಗುತ್ತದೆ. ಹಾಗಾಗಿ ಚಿತ್ರದ ಹುಚ್ಚಿರುವವರು ತಾವೇ ಮೆಷಿನ್ ಮುಂದೆ ಕೂರಬೇಕು. ಕೂತ ಮೇಲೆ ತಪ್ಪಿಗೂ ತಯಾರಾಗಿರಬೇಕು.

ನಮ್ಮ ಕಡೆಯ ಕುರ್ತಾ, ಜುಬ್ಬಗಳ ಕತ್ತರಿಯಲ್ಲಿ ಒಂದು ಹಳೆಯ ಉಳಿತಾಯವಿದೆ. ಬಟ್ಟೆಯನ್ನು ಭುಜದ ಮೇಲೆ ಮಡಚಿ ಒಂದು ಪಾಲನ್ನು ಮುಂದಕ್ಕೆ, ಒಂದು ಪಾಲನ್ನು ಹಿಂದಕ್ಕೆ ಇಳಿಬಿಟ್ಟರೆ ಮುಗಿಯಿತು, ಭುಜಕ್ಕೆ ಹೊಲಿಗೆಯೇ ಬೇಡ. ಅಮ್ಮ ನನಗೆ ಕಲಿಸಿದ್ದು ಇದೇ. ಅಮ್ಮನ ಕಾಲದ ಬಟ್ಟೆಗಳಲ್ಲಿ ಇದ್ದದ್ದು ಗೆರೆ, ಚೌಕಳಿ, ಚುಕ್ಕಿ; ಅವು ಹೇಗೆ ಮಡಚಿದರೂ ತಕರಾರು ಮಾಡುತ್ತಿರಲಿಲ್ಲ. ಅದೇ ಕತ್ತರಿಯನ್ನು ಆನೆಯ ಬಟ್ಟೆಗೆ ಹಾಕಿದೆ. ನೀಲಿಯ ಮೇಲೆ ಬಿಳಿ ಆನೆ, ಬೆನ್ನ ಮೇಲೆ ಕೆಂಪು ಜೂಲು, ಅಂಗೈಯಷ್ಟು ದೊಡ್ಡವು. ಎದೆಯ ಮೇಲಿನವು ಕಾಲೂರಿ ಗಂಭೀರವಾಗಿ ನಡೆದಿವೆ. ಭುಜ ದಾಟಿ ಬೆನ್ನಿಗೆ ಇಳಿದವೆಲ್ಲ ನಾಲ್ಕು ಕಾಲೂ ಆಕಾಶಕ್ಕೆತ್ತಿವೆ. ಭುಜದಲ್ಲಿ ಕತ್ತರಿಸಿ ಬೆನ್ನಿನ ಪಾಲನ್ನು ತಿರುಗಿಸೋಣವೆಂದರೆ ಕಂಕುಳು ಹೋಗಿ ಮಂಡಿಯ ಹತ್ತಿರ ಕೂರುತ್ತದೆ. ಹಾಗೇ ತೊಟ್ಟು ಆಫೀಸಿಗೆ ಹೋದೆ. ಎದುರಿಗೆ ಸಿಕ್ಕವರು ಚೆನ್ನಾಗಿದೆ ಎಂದರು. ಹಿಂದಿನಿಂದ ಬಂದ ಸಹೋದ್ಯೋಗಿಯೊಬ್ಬರು ಮಾತ್ರ ‘ಆನೆಗಳಿಗೆ ಹುಷಾರಿಲ್ವಾ?’ ಎಂದು ಕೇಳಿದರು. ‘ಮುಂದೆ ನಡೆದು ಸುಸ್ತಾಗಿ ಹಿಂದೆ ಬಂದು ಮಲಗಿವೆ’ ಎಂದೆ. ಆ ಡ್ರೆಸ್ಸು ಈಗಲೂ ಇದೆ, ಎಲ್ಲಕ್ಕಿಂತ ಹೆಚ್ಚು ತೊಟ್ಟದ್ದೂ ಅದನ್ನೇ.

ದೊಡ್ಡ ಚಿತ್ರದ ತಾಪತ್ರಯ ಇನ್ನೊಂದು ಬಗೆ. ಗಿರಣಿಗಳಲ್ಲಿ ಉರುಳೆಯಾಕಾರದ ಜಾಲರಿಯಿಂದ ಅಚ್ಚು ಹಾಕುತ್ತಾರಲ್ಲ, ಆ ಉರುಳೆಯ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್. ಒಂದು ಸುತ್ತು ಮುಗಿದ ಮೇಲೆ ಚಿತ್ರ ಮತ್ತೆ ಮೊದಲಿನಿಂದ ಶುರು. ಉರುಳೆಗೆ ಒಂದೇ ಗೂಬೆ ಇದ್ದರೆ ಅದು ಬಟ್ಟೆಯ ಉದ್ದಕ್ಕೆ 25 ಇಂಚಿಗೊಮ್ಮೆ ಮುಖ ತೋರಿಸುತ್ತದೆ. ಭುಜದಿಂದ ಸೊಂಟದವರೆಗೆ ನಮಗಿರುವುದು ಹದಿನೈದು ಇಂಚಿನ ಆಸುಪಾಸು. ಗೂಬೆ ಎಲ್ಲಿ ಕೂರಬೇಕೆಂದು ಕತ್ತರಿ ಹಿಡಿಯುವ ಮೊದಲೇ ನಾವು ತೀರ್ಮಾನಿಸದಿದ್ದರೆ ಗೂಬೆಯೇ ತೀರ್ಮಾನಿಸುತ್ತದೆ. ಅದರ ಎರಡು ದುಂಡು ಕಣ್ಣುಗಳಿಗೆ ಎಲ್ಲಿ ಬಂದು ಕೂರುವ ಆಸೆ ಎಂಬುದನ್ನು ಹೊಲಿಯುವ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಡಾರ್ಟ್ ಹಿಡಿದಲ್ಲಿ ಆಟೋದ ಚಕ್ರ ಒಳಗೆ ಹೋಗುತ್ತದೆ. ಜಿಪ್ ಇಟ್ಟಲ್ಲಿ ಬೆಕ್ಕಿಗೆ ಎರಡು ಮೂಗು. ಪಕ್ಕದ ಹೊಲಿಗೆಯಲ್ಲಿ ಅರ್ಧ ಲೋಟಕ್ಕೆ ಅರ್ಧ ಡಬರಿ ಅಂಟಿಕೊಂಡು, ಯಾವ ಪಾತ್ರೆ ಅಂಗಡಿಯಲ್ಲೂ ಸಿಗದ ಪಾತ್ರೆಯೊಂದು ತಯಾರಾಗುತ್ತದೆ.

ಈ ಪೇಚಿಗೆ ಒಮ್ಮೆ ಒಂದು ಇಡೀ ದೇಶವೇ ಸಿಕ್ಕಿಕೊಂಡಿತ್ತು. 1920ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟದ ಕೆಲವು ಯುವ ಕಲಾವಿದರು, ಹೂವು ಬಳ್ಳಿಗಳೆಲ್ಲ ಹಳೆಯ ಕಾಲದ ಅಭಿರುಚಿ, ದುಡಿಯುವ ಜನ ಇನ್ನು ಮೇಲೆ ಟ್ರ್ಯಾಕ್ಟರ್, ವಿಮಾನ, ಕಾರ್ಖಾನೆಗಳನ್ನು ತೊಡಬೇಕು ಎಂದು ಹೊರಟರು. ಇವಾನೊವೊ ಊರಿನ ಗಿರಣಿಗಳಿಂದ ಅಂಥ ಚೀಟಿಬಟ್ಟೆ ಹೊರಬಂತು. ನೋಡಲು ಅವು ಸೊಗಸಾಗಿಯೇ ಇದ್ದವು, ಇವತ್ತು ಮ್ಯೂಸಿಯಂಗಳಲ್ಲಿ ಇಟ್ಟಿದ್ದಾರೆ. ಆದರೆ 1933ರ ಅಕ್ಟೋಬರಿನಲ್ಲಿ ‘ಪ್ರಾವ್ದಾ’ ಪತ್ರಿಕೆಯಲ್ಲಿ ಒಂದು ಲೇವಡಿ ಬರಹ ಬಂತು. ‘ಮುಂದೆ ಟ್ರ್ಯಾಕ್ಟರ್, ಹಿಂದೆ ಕಂಬೈನ್’ ಎಂಬುದು ಅದರ ತಲೆಬರಹ; ಕಂಬೈನ್ ಎಂದರೆ ಬೆಳೆ ಕೊಯ್ಯುವ ದೊಡ್ಡ ಯಂತ್ರ. ಅಲ್ಲಿಗೆ ಟ್ರ್ಯಾಕ್ಟರ್ ಬಟ್ಟೆಯ ಕಾಲ ಮುಗಿದು ಹೂವುಗಳು ವಾಪಸು ಬಂದವು. ಬರೆದವರಿಗೆ ಹೊಲಿಗೆ ಬರುತ್ತಿರಲಿಲ್ಲ ಎಂದು ನನ್ನ ಗುಮಾನಿ. ಟ್ರ್ಯಾಕ್ಟರನ್ನು ಮುಂದೆ ನಟ್ಟನಡುವೆ, ಕಂಬೈನನ್ನು ಹಿಂದೆ ನಟ್ಟನಡುವೆ, ಎರಡೂ ಚಕ್ರ ಕೆಳಗಾಗಿ ಬರುವಂತೆ ಹೊಲಿದವಳು ಯಾರಾದರೂ ಇದ್ದಿದ್ದರೆ ಅವಳಿಗೆ ಪದಕ ಕೊಡಬೇಕಿತ್ತು.

ಮನೆಯಲ್ಲೇ ಹೊಲಿದುಕೊಂಡ ಚಿತ್ರದ ಡ್ರೆಸ್ಸಿಗೆ ತವರು ಅಂತ ಒಂದಿದ್ದರೆ ಅದು ಅಮೆರಿಕದ ಹಳ್ಳಿ. 1930, 40ರ ದಶಕಗಳಲ್ಲಿ ಅಲ್ಲಿ ಹಿಟ್ಟು, ಕೋಳಿಮೇವು ಎಲ್ಲ ಹತ್ತಿಬಟ್ಟೆಯ ಚೀಲದಲ್ಲಿ ಬರುತ್ತಿತ್ತು. ಕೈ ಬಿಗಿಯಾಗಿದ್ದ ಕಾಲ. ಹೆಂಗಸರು ಖಾಲಿ ಚೀಲ ಬಿಚ್ಚಿ, ಒಗೆದು, ಮಕ್ಕಳಿಗೆ ಅಂಗಿ ಫ್ರಾಕು ಹೊಲಿಯುವುದನ್ನು ಕಂಡ ವ್ಯಾಪಾರಿಗಳು ಚೀಲದ ಬಟ್ಟೆಗೇ ಬಣ್ಣದ ಅಚ್ಚು ಹಾಕಿಸತೊಡಗಿದರು. ಹೂವುಗಳ ಜೊತೆಗೆ ಕುದುರೆಯೇರಿದ ಕೌಬಾಯ್‌ಗಳು, ಮಕ್ಕಳ ಕತೆಯ ಪಾತ್ರಗಳೂ ಬಂದವು. ಕಂಪನಿಯ ಹೆಸರನ್ನು ಒಗೆದರೆ ಹೋಗುವ ಶಾಯಿಯಲ್ಲೋ ಕಿತ್ತರೆ ಬರುವ ಕಾಗದದಲ್ಲೋ ಹಾಕುತ್ತಿದ್ದರು. 100 ಪೌಂಡಿನ ಚೀಲ ಬಿಚ್ಚಿದರೆ ಒಂದು ಗಜಕ್ಕಿಂತ ತುಸು ಹೆಚ್ಚು ಬಟ್ಟೆ, ದೊಡ್ಡವರ ಡ್ರೆಸ್ಸಿಗೆ ಮೂರು ಚೀಲ ಬೇಕು. ಮೂರೂ ಒಂದೇ ಚಿತ್ರದವು ಆಗಬೇಕು. ಕೋಳಿಮೇವು ತರಲು ಹೊರಟ ಗಂಡನ ಕೈಗೆ ಬಟ್ಟೆಯ ಚೂರು ಕೊಟ್ಟು ‘ಇಂಥದೇ ತನ್ನಿ’ ಎಂದು ಕಳಿಸಿದರೆ, ಆ ಚೀಲ ರಾಶಿಯ ಅಡಿಯಲ್ಲೇ ಇರುತ್ತದೆ. ಸಿಗದಿದ್ದರೆ ಮೈಗೆ ಒಂದು ಚಿತ್ರ, ತೋಳಿಗೆ ಇನ್ನೊಂದು. ನಮ್ಮಲ್ಲೂ ಮೈದಾ ಚೀಲ ಒಗೆದು ದಿಂಬಿನ ಗವಸು ಹೊಲಿದ ತಲೆಮಾರಿದೆ. ಅದರ ಮೇಲಿದ್ದ ಚಿತ್ರವೆಂದರೆ ಗಿರಣಿಯ ಮುದ್ರೆ, ಅದೂ ಎಷ್ಟು ಒಗೆದರೂ ಹೋಗದ್ದು.

ಜಪಾನಿನವರು ಹೆಚ್ಚು ಜಾಣರು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿಯ ಗಂಡಸರು ಹೊರಗೆ ಸಾದಾ ಕಪ್ಪು, ನೀಲಿ ತೊಟ್ಟು ಒಳಂಗಿಯಲ್ಲಿ, ಲೈನಿಂಗಿನಲ್ಲಿ ರೈಲು, ವಿಮಾನ, ಹಡಗುಗಳ ಚಿತ್ರ ಇಟ್ಟುಕೊಳ್ಳುತ್ತಿದ್ದರು. ಕಂಡವರಿಗೆ ಗಂಭೀರ, ತೊಟ್ಟವನಿಗೆ ಮಜಾ. ಮೀಟಿಂಗಿಗೆ ತೊಡುವ ಬೂದು ಬಣ್ಣದ ಕೋಟಿಗೆ ನಾನು ಬೆಕ್ಕಿನ ಲೈನಿಂಗ್ ಹಾಕಿದ್ದು ಇದನ್ನು ನೋಡಿಯೇ. ಬಂಗಾಳದ ಬಾಲೂಚರಿ ಸೀರೆಗೆ ಮಾತ್ರ ಈ ಮುಚ್ಚುಮರೆ ಇಲ್ಲ. ಹುಕ್ಕಾ ಸೇದುವ ನವಾಬರನ್ನೂ ರೈಲುಗಾಡಿಯನ್ನೂ ಅದು ಸೆರಗಿನ ಮೇಲೆಯೇ ಮೆರೆಸಿತು.

‘ತಪ್ಪನ್ನು ಅಪ್ಪಿಕೊಳ್ಳಿ’ ಎಂಬ ಉಪದೇಶ ಈಚೆಗೆ ಎಲ್ಲ ಕಡೆ ಕೇಳುತ್ತದೆ. ನನಗೆ ಅದರಲ್ಲಿ ಅರ್ಧ ನಂಬಿಕೆ. ಧಾರವಾಡದ ಕಡೆಯ ಕಸೂತಿ ಹಾಕುವ ಹೆಂಗಸರ ಮುಂದೆ ಈ ಮಾತು ಹೇಳಿದರೆ ಅವರು ಎದ್ದು ಒಳಗೆ ಹೋದಾರು. ಕಸೂತಿಯಲ್ಲೂ ಆನೆಯಿದೆ, ತೇರಿದೆ, ಗೋಪುರವಿದೆ, ತುಳಸಿಕಟ್ಟೆಯಿದೆ. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತ ಹೋಗಬೇಕು, ಬಿಟ್ಟ ಸಂದಿಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗಬೇಕು. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಬರುವಾಗ ಗೋಪುರದ ತುದಿ ಕೂಡುವುದಿಲ್ಲ. ಅಲ್ಲಿ ಅಪ್ಪಿಕೊಳ್ಳುವ ಮಾತಿಲ್ಲ, ಬಿಚ್ಚಬೇಕು.

ನನ್ನ ಹೊಲಿಗೆಯಲ್ಲೂ ಬಿಚ್ಚಲೇಬೇಕಾದ ತಪ್ಪುಗಳಿವೆ. ಕಂಕುಳು ಬಿಗಿಯಾಗಿ ಕೈ ಎತ್ತಲಾಗದಿದ್ದರೆ ಅದರಲ್ಲಿ ಕಲೆಯೂ ಇಲ್ಲ, ತಮಾಷೆಯೂ ಇಲ್ಲ. ಬಟ್ಟೆಯನ್ನು ನೀರಿಗೆ ಹಾಕದೆ ಹೊಲಿದು, ಮೊದಲ ಒಗೆತಕ್ಕೆ ಮಂಡಿ ಮೇಲೇರಿದರೆ ಅದಕ್ಕೂ ಕ್ಷಮೆಯಿಲ್ಲ. ಕೊರಳು ಅಗಲವಾಗಿ ಭುಜ ಜಾರುತ್ತಿದ್ದರೆ ದಿನವಿಡೀ ಅದನ್ನು ಎಳೆದುಕೊಳ್ಳುವುದೇ ಉದ್ಯೋಗ. ಇವೆಲ್ಲ ತೊಟ್ಟವಳನ್ನು ಕಾಡುವ ತಪ್ಪುಗಳು, ಬೇಸರ ಬಂದರೂ ಕೂತು ತಿದ್ದಬೇಕು. ಮಗುಚಿದ ಆನೆ, ಎರಡು ಮೂಗಿನ ಬೆಕ್ಕು, ಮೂರನೆಯ ಚಕ್ರ ಕಳೆದುಕೊಂಡ ಆಟೋ ನೋಡುವವರಿಗೆ ಕಾಣುವ ತಪ್ಪುಗಳು. ನೋಡುವವರಿಗೆ ಅದರಿಂದ ನಷ್ಟವೇನಿಲ್ಲ, ಒಂದು ಗಳಿಗೆ ನಕ್ಕರೆ ಲಾಭವೇ. ಹಾಗಾಗಿ ಅವನ್ನು ಬಿಚ್ಚುವ ಗೋಜಿಗೆ ನಾನು ಹೋಗುವುದಿಲ್ಲ.

ಬಿಚ್ಚುವುದಕ್ಕೂ ಒಂದು ಮಿತಿ ಇದೆಯಲ್ಲ. ಒತ್ತಾಗಿ ನೇಯ್ದ ಹತ್ತಿಬಟ್ಟೆಯಲ್ಲಿ ಸೂಜಿಯ ತೂತು ಎದ್ದು ಕಾಣುತ್ತದೆ, ಬಿಚ್ಚಿದಷ್ಟೂ ಅಂಚು ಜಾಳಾಗುತ್ತದೆ. ಅಮ್ಮನ ತುಳಿಯುವ ಮೆಷಿನ್ ಮೇಲೆ ಕೂತವರಿಗೆ ಇನ್ನೊಂದು ಸಂಕಟ. ಕಾಲಿನ ಲಯ ತಪ್ಪಿ ಚಕ್ರ ಹಿಂದಕ್ಕೆ ತಿರುಗಿದರೆ ದಾರವೆಲ್ಲ ಅಡಿಯಲ್ಲಿ ಸಿಕ್ಕುಗಟ್ಟುತ್ತದೆ. ಆಗ ಬಾಯಿಗೆ ಬರುವ ಮಾತುಗಳು ಬರೆಯುವಂಥವಲ್ಲ. ಯಂತ್ರಗಳ ಬಗ್ಗೆ ಅಷ್ಟೆಲ್ಲ ಕಟುವಾಗಿದ್ದ ಗಾಂಧೀಜಿ 1924ರ ಒಂದು ಮಾತುಕತೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಕೈಹೊಲಿಗೆಯಲ್ಲಿ ನವೆಯುತ್ತಿದ್ದ ಹೆಂಡತಿಯ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದನೆಂದು ಅವರ ನಂಬಿಕೆ. 1851ರಲ್ಲಿ ಪೇಟೆಂಟ್ ಪಡೆದ ಆ ಮಹಾಶಯನ ಸಂಸಾರದ ಕತೆ ಬೇರೆಯೇ. ಅವನಿಗೆ ಒಂದಕ್ಕಿಂತ ಹೆಚ್ಚು ಮನೆ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಗಾಂಧೀಜಿಗೆ ಯಾರೋ ಕತೆಯನ್ನು ಚೆನ್ನಾಗಿ ಹೊಲಿದು ಕೊಟ್ಟಿರಬೇಕು. ಯಂತ್ರ ಮಾತ್ರ ಒಳ್ಳೆಯದೇ.

ಚಿತ್ರದ ಬಟ್ಟೆಯ ದೊಡ್ಡ ಗುಣವೆಂದರೆ ತಪ್ಪಿಗೆ ಮದ್ದನ್ನೂ ಅದೇ ಒದಗಿಸುತ್ತದೆ. ಗೂಬೆಯ ಡ್ರೆಸ್ಸಿನ ಹೊಟ್ಟೆಯ ಹತ್ತಿರ ಕತ್ತರಿಯ ಮೊನೆ ತಾಗಿ ಕಡಲೆಕಾಳಿನಷ್ಟು ತೂತಾಯಿತು. ಸಾದಾ ಬಟ್ಟೆಯಾಗಿದ್ದರೆ ತೇಪೆ ಎದ್ದು ಕಾಣುತ್ತಿತ್ತು. ನಾನು ಉಳಿದ ಚೂರಿನಿಂದ ಒಂದು ಮರಿ ಗೂಬೆಯನ್ನು ಸುತ್ತಲೂ ಅರ್ಧ ಇಂಚು ಬಿಟ್ಟು ಕತ್ತರಿಸಿ, ಅಂಚು ಒಳಗೆ ಮಡಚಿ ಇಸ್ತ್ರಿ ಹಾಕಿ, ತೂತಿನ ಮೇಲೆ ಕೂರಿಸಿ ಸುತ್ತ ಸಣ್ಣ ಕೈಹೊಲಿಗೆ ಹಾಕಿದೆ. ಈಗ ತಾಯಿ ಗೂಬೆಯ ಪಕ್ಕ ಮರಿ ಕೂತಿದೆ. ಬಟ್ಟೆ ಅಚ್ಚು ಹಾಕಿದವರೇ ಹೀಗೆ ಬರೆದರೆಂದು ಎಲ್ಲರೂ ತಿಳಿದಿದ್ದಾರೆ. ಕೂಡದೆ ಉಳಿದ ಚೂರುಗಳು ಚೀಲದಲ್ಲಿ ಸೇರುತ್ತವೆ. ಉತ್ತರ ಕರ್ನಾಟಕದ ಕೌದಿ ಹೊಲಿಯುವವರ ಕೈಗೆ ಹೋದರೆ ಅವರು ಆನೆಯ ಪಕ್ಕ ಆಟೋ, ಆಟೋ ಪಕ್ಕ ಹಳೆಯ ಸೀರೆ ಇಟ್ಟು ಹೊದಿಕೆ ಮಾಡುತ್ತಾರೆ. ಅಲ್ಲಿ ಆನೆ ಯಾವ ಕಡೆ ಕಾಲು ಚಾಚಿದೆ ಎಂದು ಯಾರೂ ಕೇಳುವುದಿಲ್ಲ.

ಹೊಲಿಗೆ ಬರುತ್ತದೆ, ಧೈರ್ಯ ಬರುತ್ತಿಲ್ಲ ಎನ್ನುವವರಿಗೆ ಇಷ್ಟು ಹೇಳಬಲ್ಲೆ. 44 ಇಂಚಿನ ಪನ್ನದ ಬಟ್ಟೆಯಾದರೆ ಲೆಕ್ಕಕ್ಕಿಂತ ಅರ್ಧ ಮೀಟರ್ ಹೆಚ್ಚಿಗೆ ತನ್ನಿ. ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ನೆಲದ ಮೇಲೆ ಪೂರ್ತಿ ಹಾಸಿ, ಎಲ್ಲ ಪ್ರಾಣಿಗಳ ತಲೆ ಒಂದೇ ಕಡೆ ಇದೆಯೇ ಎಂದು ಒಮ್ಮೆ ಸುತ್ತ ನಡೆದು ನೋಡಿ. ಕೆಲವು ಬಟ್ಟೆಗಳಲ್ಲಿ ಅಚ್ಚು ಹಾಕುವವರೇ ಅರ್ಧ ಮೇಲೆ, ಅರ್ಧ ಕೆಳಗೆ ಇಟ್ಟಿರುತ್ತಾರೆ, ಅಂಥದ್ದು ಸಿಕ್ಕರೆ ನಿಮ್ಮ ಪುಣ್ಯ. ಮೊದಲ ಡ್ರೆಸ್ಸಿಗೆ ಸಣ್ಣ ಚಿತ್ರದ ಬಟ್ಟೆಯನ್ನೇ ಆರಿಸಿ, ಗೂಬೆಯ ತಂಟೆಗೆ ಆಮೇಲೆ ಹೋಗಿ. ಉಳಿದ ಬಟ್ಟೆಯಲ್ಲಿ ಎರಡು ಜೇಬು ಇಡುವುದನ್ನು ಮಾತ್ರ ಮರೆಯಬೇಡಿ, ಫೋನು ಹಿಡಿಯುವಷ್ಟು ಆಳವಿರಲಿ. ನಮ್ಮ ಬಟ್ಟೆಗೆ ಜೇಬು ಇಡುವ ಮನಸ್ಸು ರೆಡಿಮೇಡ್ ಮಾಡುವವರಿಗೆ ಇನ್ನೂ ಸರಿಯಾಗಿ ಬಂದಿಲ್ಲ.