ಕಾಲು ನೆಲಕ್ಕೆ ತಾಗುವ ಸೈಕಲ್ಲು

ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳಿಗೆ ಸಮವಸ್ತ್ರ ಹೊಲಿಸುವಾಗ ಎರಡು ಇಂಚು ಬಟ್ಟೆಯನ್ನು ಒಳಗೆ ಮಡಿಚಿ ಬಿಡುವುದು ರೂಢಿ. ಬೆಳೆಯುವ ಮಕ್ಕಳಲ್ಲವೆ, ಮುಂದಿನ ವರ್ಷ ಬಿಚ್ಚಿದರಾಯಿತು. ಇದೇ ಲೆಕ್ಕವನ್ನು ಸೈಕಲ್ಲಿಗೂ ಹಚ್ಚುವ ಪಾಲಕರು ಬಹಳ. ಆದರೆ ಸೈಕಲ್ಲಿನ ಚೌಕಟ್ಟನ್ನು ಮಡಿಚಿ ಹೊಲಿಯಲು ಬರುವುದಿಲ್ಲ.

ಧಾರವಾಡದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಅಪ್ಪ ಕೊಡಿಸಿದ್ದು ಇಂಥ ‘ಮುಂದಿನ ವರ್ಷದ’ ಸೈಕಲ್ಲು. ಸೀಟನ್ನು ಪೂರ್ತಿ ಇಳಿಸಿದರೂ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ. ಬ್ರೇಕಿನ ಹಿಡಿಕೆ ಬೆರಳಿಗೆ ದೂರ. ಧಾರವಾಡದಲ್ಲಿ ಸಮತಟ್ಟಾದ ರಸ್ತೆಯನ್ನು ಹುಡುಕಿಕೊಂಡು ಹೋಗಬೇಕು. ಜೊತೆಗೆ ಮುಂಗಾರಿನ ಜಿಟಿಜಿಟಿ. ಇಳಿಜಾರಿನಲ್ಲಿ ಆಕಳೊಂದು ಅಡ್ಡ ಬಂತು. ಬ್ರೇಕು ಹಿಡಿದಳು. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಜಾರಿತು. ಕಾಲೂರಲು ನೋಡಿದಳು, ನೆಲ ಸಿಗಲಿಲ್ಲ. ಬೀಳುವಾಗ ಯಾರೇ ಆದರೂ ಕೈ ಮುಂದೆ ಚಾಚುತ್ತಾರೆ. ಮಣಿಕಟ್ಟಿನ ಬಳಿ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರು.

ಮೂಳೆ ಕೂಡಿತು. ಹುಡುಗಿ ಮಾತ್ರ ಸೈಕಲ್ಲಿನತ್ತ ತಿರುಗಿ ನೋಡಲಿಲ್ಲ. ಬೆಳಿಗ್ಗೆ ಅಪ್ಪನ ಸ್ಕೂಟರು, ಸಂಜೆ ಆಟೊ. ಗ್ರಂಥಾಲಯ, ಗೆಳತಿಯ ಮನೆ, ವಿಜ್ಞಾನ ಪ್ರದರ್ಶನದ ತಯಾರಿ ಎಲ್ಲವೂ ಅಪ್ಪನ ಬಿಡುವನ್ನು ಕಾಯತೊಡಗಿದವು. ಕ್ರಮೇಣ ಅವಳು ಕೇಳುವುದನ್ನೇ ಬಿಟ್ಟಳು. ಇದು ತಾಯಿಯ ಕಣ್ಣಿಗೆ ಬಿತ್ತು.

‘ಬಿದ್ದರೇನಾತು, ಹತ್ತು’ ಎಂದು ಸೋದರಮಾವ ಹುರಿದುಂಬಿಸಿದ. ಇಂಥ ಧೈರ್ಯ ಹೇಳಲು ಖರ್ಚೇನೂ ಇಲ್ಲ. ಹುಡುಗಿ ಹತ್ತಿದಳು ಕೂಡ. ಕೈ ಬಿಗಿ, ನೋಟ ಮುಂದಿನ ಚಕ್ರದ ಮೇಲೆ, ವೇಗ ಇರುವೆಯದು. ಸೈಕಲ್ಲು ತೂರಾಡಿತು, ಇಳಿದುಬಿಟ್ಟಳು.

ಅವಳ ತಪ್ಪೇನಿಲ್ಲ, ಭೌತಶಾಸ್ತ್ರವೇ ಹಾಗೆ. ಸೈಕಲ್ಲು ಎಡಕ್ಕೆ ವಾಲಿದರೆ ಮುಂದಿನ ಚಕ್ರ ಎಡಕ್ಕೇ ತಿರುಗಬೇಕು. ಆಗ ಚಕ್ರಗಳು ಬೀಳುತ್ತಿರುವ ಭಾರದ ಕೆಳಗೆ ಬಂದು ಅದನ್ನು ಎತ್ತಿ ನಿಲ್ಲಿಸುತ್ತವೆ. ಹೆದರಿದ ಕೈ ಹ್ಯಾಂಡಲ್ಲನ್ನು ಬಿಗಿಹಿಡಿದು ಈ ತಿರುವನ್ನೇ ತಡೆಯುತ್ತದೆ. ವೇಗ ತೀರ ಕಡಿಮೆಯಾದರಂತೂ ಅಷ್ಟೇ ತಿದ್ದುಪಡಿಗೆ ಹ್ಯಾಂಡಲ್ಲನ್ನು ಹೆಚ್ಚು ತಿರುಗಿಸಬೇಕು. ಭಯದಿಂದ ನಿಧಾನ, ನಿಧಾನದಿಂದ ತೂರಾಟ, ತೂರಾಟದಿಂದ ಇನ್ನಷ್ಟು ಭಯ! (ಚಕ್ರ ಬುಗುರಿಯಂತೆ ತಿರುಗುವುದರಿಂದಲೇ ಸೈಕಲ್ಲು ಬೀಳುವುದಿಲ್ಲ ಎಂದು ತರಗತಿಗಳಲ್ಲಿ ಹೇಳುವುದುಂಟು. 2011ರಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸಿನ ವಿಜ್ಞಾನಿಗಳು ಆ ಬುಗುರಿ ಪರಿಣಾಮವನ್ನು ರದ್ದುಮಾಡಿದ ಸೈಕಲ್ಲೊಂದನ್ನು ಕಟ್ಟಿದರು. ತಳ್ಳಿಬಿಟ್ಟರೆ ಅದೂ ಸವಾರನಿಲ್ಲದೆ ತನ್ನ ಸಮತೋಲ ತಾನೇ ಕಾಯ್ದುಕೊಂಡಿತು.)

ತಾಯಿ ಚಿಕ್ಕಂದಿನಲ್ಲಿ ದೊಡ್ಡವರ ಸೈಕಲ್ಲಿಗೆ ಒಳಪೆಡಲು ಹೊಡೆದು ಕಲಿತವಳು. ಪಕ್ಕದ ಮನೆಯ ಹುಡುಗನ ಚಿಕ್ಕ ಸೈಕಲ್ಲನ್ನು ಕೇಳಿ ತಂದು, ರಿಪೇರಿ ಅಂಗಡಿಯಲ್ಲಿ ಎರಡೂ ಪೆಡಲು ಬಿಚ್ಚಿಸಿದಳು. (ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ; ಮನೆಯಲ್ಲೇ ಬಿಚ್ಚಲು ಹೋಗಿ ಸ್ಪಾನರು ಬಾಗಿಸಿಕೊಂಡವರು ಉಂಟು.) ಮೈದಾನದಲ್ಲಿ ಕೂತು ಕಾಲಿನಿಂದ ನೆಲ ತಳ್ಳುವುದು, ಕಾಲೆತ್ತಿ ಸ್ವಲ್ಪ ದೂರ ತೇಲುವುದು, ಮತ್ತೆ ಕಾಲೂರುವುದು. ನೋಟ ಹತ್ತು ಮೀಟರು ಮುಂದೆ. ಬೇಕೆಂದಾಗ ನೆಲ ಸಿಗುತ್ತದೆ ಎಂದು ಕಾಲಿಗೆ ಗೊತ್ತಾದ ಮೇಲೆ ಕೈ ತಾನಾಗಿ ಸಡಿಲವಾಯಿತು. ನಾಲ್ಕನೆಯ ದಿನ ‘ಪೆಡಲು ಹಾಕಿಸವ್ವ’ ಎಂದವಳು ಹುಡುಗಿಯೇ.

ಆಮೇಲೆ ಬ್ರೇಕಿನ ಪಾಠ. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಅಲ್ಲಿ ಬ್ರೇಕು ಹಿಡಿದು, ಎಲ್ಲಿ ನಿಂತಿತು ಎಂದು ಅಳೆಯುವುದು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು. ಪುಸ್ತಕದಲ್ಲಿ ಓದಿದ್ದನ್ನು ಹುಡುಗಿ ಅಪ್ಪನ ಅಳತೆಪಟ್ಟಿಯಲ್ಲಿ ನೋಡಿದಳು. ಮುಂದಿನ ಬ್ರೇಕು ಹೆಚ್ಚು ಬಲವಾಗಿ ನಿಲ್ಲಿಸುತ್ತದೆ, ಆದರೆ ಥಟ್ಟನೆ ಹಿಡಿದರೆ ಹಿಂದಿನ ಚಕ್ರ ಏಳುತ್ತದೆ. ಅದಕ್ಕೆ ಎರಡನ್ನೂ ಕೂಡಿಸಿ, ಮೆಲ್ಲಗೆ ಬಿಗಿ ಮಾಡುವುದು.

ಹೊಸ ಸೈಕಲ್ಲು ಕೊಳ್ಳಲು ಹೋದಾಗ ಅಂಗಡಿಯವ 21 ಗೇರು, ದಪ್ಪ ಟೈರು, ಸ್ಪ್ರಿಂಗಿನ ಫೋರ್ಕು ತೋರಿಸಿದ. ಅಪ್ಪನ ಕಣ್ಣು ಅರಳಿತು. ಶಾಲೆಗೆ ಮೂರು ಕಿಲೋಮೀಟರು ಹೋಗಲು ಸ್ಪ್ರಿಂಗು ಬೇಕೆ? ಅದು ತೂಕ ಹೆಚ್ಚಿಸಿ, ತುಳಿತದ ಶಕ್ತಿಯಲ್ಲಿ ಒಂದು ಪಾಲು ತಿನ್ನುತ್ತದೆ. ಹುಡುಗಿ ಚೀಟಿಯಲ್ಲಿ ಅಳತೆ ಬರೆದುಕೊಂಡು ಹೋಗಿದ್ದಳು. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ತೊಡೆಗಳ ನಡುವೆ ಪುಸ್ತಕ ಮೇಲಕ್ಕೊತ್ತಿ ಹಿಡಿದು ಅಳೆದದ್ದು, 68 ಸೆಂಟಿಮೀಟರು. 24 ಇಂಚಿನ ಚಕ್ರದ, ಇಳಿಜಾರು ಪಟ್ಟಿಯ ಒಂದು ಸೈಕಲ್ಲಿನ ಮೇಲೆ ಕೂತಳು, ಎರಡೂ ಪಾದ ನೆಲಕ್ಕೆ ಮುಟ್ಟಿದವು. ಧೈರ್ಯ ಬಂದ ಮೇಲೆ ಸೀಟು ಏರಿಸಬೇಕು; ಪೆಡಲು ಪೂರ್ತಿ ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗಿರುವಷ್ಟು. ರಿಮ್ಮು ಅಲ್ಯೂಮಿನಿಯಮ್ಮಿನದು, ಮಳೆಯಲ್ಲಿ ಉಕ್ಕಿಗಿಂತ ಚೆನ್ನಾಗಿ ಬ್ರೇಕು ಹಿಡಿಯುತ್ತದೆ. ಹಿಡಿಕೆಯ ಪುಟ್ಟ ಸ್ಕ್ರೂ ತಿರುಗಿಸಿ ಬ್ರೇಕನ್ನು ಬೆರಳಿನ ಹತ್ತಿರಕ್ಕೆ ತಂದದ್ದೂ ಆಯಿತು. ಜೊತೆಗೊಂದು ಹೆಲ್ಮೆಟ್ಟು. ಒಳಗಿನ ನೊರೆಪದರ ತಾನು ಜಜ್ಜಿಹೋಗಿ ತಲೆಯನ್ನು ಕಾಯುತ್ತದೆ, ಹೀಗಾಗಿ ಒಮ್ಮೆ ಬಲವಾದ ಪೆಟ್ಟು ತಿಂದದ್ದನ್ನು ಮತ್ತೆ ಹಾಕಬಾರದು.

ಹಳೆಯದರ ಫೋರ್ಕು ಬಾಗಿತ್ತು. ಬಡಿದು ನೆಟ್ಟಗೆ ಮಾಡಿದರೆ ಸಾಕೆಂದು ಅಪ್ಪ, ಬದಲಾಯಿಸದೆ ಯಾರೂ ಹತ್ತಕೂಡದೆಂದು ತಾಯಿ. ಆ ವಾದ ಇನ್ನೂ ಮುಗಿದಿಲ್ಲ, ಸೈಕಲ್ಲು ಹಿತ್ತಿಲಲ್ಲಿದೆ.

ಹುಡುಗಿ ಈಗ ಶಾಲೆಗೆ ತಾನೇ ಹೋಗಿಬರುತ್ತಾಳೆ. ಆ ಇಳಿಜಾರಿನಲ್ಲಿ ಮಾತ್ರ ಇಳಿದು ತಳ್ಳಿಕೊಂಡು ಹೋಗುತ್ತಾಳೆ. ಮಳೆ ಇದ್ದ ದಿನ ಅಷ್ಟೆ ಎನ್ನುತ್ತಾಳೆ. ತಾಯಿ ಲೆಕ್ಕ ಕೇಳಿಲ್ಲ.