ಬುರುಡೆಯ ಮೇಲಿನ ಬರಹ

ನಮ್ಮ ಮನೆಗೆ ಅತಿಥಿಗಳು ಬರುವುದು ಹೊಸತೇನೂ ಅಲ್ಲ. ಆದರೆ ಕಳೆದ ಕಾರ್ತಿಕದಲ್ಲಿ ಬಂದಂಥ ಅತಿಥಿಯನ್ನು ಮಳವಳ್ಳಿಯ ನಮ್ಮ ಬೀದಿ ಹಿಂದೆಂದೂ ಕಂಡಿರಲಾರದು. ಮಂಡ್ಯದಲ್ಲಿ ವೈದ್ಯಕೀಯ ಓದುತ್ತಿರುವ ನನ್ನ ಮಗಳು, ಪರೀಕ್ಷೆ ಹತ್ತಿರವಾಯಿತೆಂದು, ಹಿರಿಯ ಗೆಳತಿಯೊಬ್ಬಳಿಂದ ಎರವಲು ಪಡೆದ ಮೂಳೆಗಳ ಚೀಲವನ್ನು ಹೊತ್ತು ತಂದಿದ್ದಳು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ವಡೆ ಮಾರುವ ಹುಡುಗನು, "ಅಷ್ಟು ಜೋಪಾನವಾಗಿ ಹಿಡಿದಿದ್ದೀರಲ್ಲ, ಏನಕ್ಕಾ ಚೀಲದಲ್ಲಿ?" ಎಂದನಂತೆ. "ಗಾಜಿನ ಸಾಮಾನು" ಎಂದಳಂತೆ ಇವಳು. ಒಂದು ಕೈಯಲ್ಲಿ ಮದ್ದೂರು ವಡೆಯ ಪೊಟ್ಟಣ, ಇನ್ನೊಂದರಲ್ಲಿ ಮನುಷ್ಯನ ತಲೆಬುರುಡೆ! ಹೀಗೆ ಬಂದು ಹೊಸ್ತಿಲಲ್ಲಿ ನಿಂತಳು.

ವಡೆಯನ್ನು ಅಮ್ಮ ಸಂತೋಷದಿಂದ ತೆಗೆದುಕೊಂಡಳು. ಚೀಲದೊಳಗೆ ಇಣುಕಿದವಳೇ ಎರಡು ಹೆಜ್ಜೆ ಹಿಂದೆ ಸರಿದಳು.

"ಏನೋ ಇದು? ಪಶ್ಚಿಮವಾಹಿನಿಗೆ ಹೋಗಬೇಕಾದದ್ದು ಪಡಸಾಲೆಗೆ ಬಂತೆ?"

ಆ ಮಾತು ನನಗೆ ನಾಟಿತು. ಆರು ವರ್ಷಗಳ ಹಿಂದೆ ಅಪ್ಪನ ಅಸ್ಥಿಯನ್ನು ಕುಡಿಕೆಯಲ್ಲಿ ತುಂಬಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟವನು ನಾನೇ. ಬೂದಿಯಲ್ಲಿ ಸಿಕ್ಕಿದ ಬಿಳಿಯ ತುಣುಕುಗಳಲ್ಲಿ ಯಾವುದು ನನ್ನನ್ನೆತ್ತಿದ ತೋಳು, ಯಾವುದು ಜಾತ್ರೆಯಲ್ಲಿ ನನ್ನನ್ನು ಕೂರಿಸಿಕೊಂಡ ಹೆಗಲು ಎಂದು ಅಂದು ನನಗೆ ತಿಳಿದಿರಲಿಲ್ಲ.

ಕೊನೆಗೆ ಚೀಲಕ್ಕೆ ಜಗುಲಿಯಲ್ಲಿ ಸ್ಥಳ ದೊರೆಯಿತು. ಮಗಳೂ ಅಲ್ಲಿಯೇ ಓದಲು ಕುಳಿತಳು, ನಾನು ಶಿಷ್ಯನಾದೆ. ಬೆಳೆದ ಮನುಷ್ಯನಲ್ಲಿ ಮೂಳೆಗಳು 206. ಹುಟ್ಟುವಾಗ ಇನ್ನೂ ಹೆಚ್ಚು, ಬೆಳೆಯುತ್ತ ಕೆಲವು ಒಂದರೊಡನೊಂದು ಬೆಸೆದುಕೊಳ್ಳುತ್ತವೆ. ಎಲ್ಲಕ್ಕಿಂತ ಉದ್ದವಾದದ್ದು ತೊಡೆಯ ಮೂಳೆ. ಎಲ್ಲಕ್ಕಿಂತ ಚಿಕ್ಕದು ಕಿವಿಯೊಳಗಿದೆ, ಅಕ್ಕಿಯ ಕಾಳಿಗಿಂತಲೂ ಕಿರಿದು. ಬುರುಡೆಯಲ್ಲಿ 22 ಮೂಳೆಗಳು: ಮಿದುಳನ್ನು ಕಾಯುವುದಕ್ಕೆ 8, ಮುಖಕ್ಕೆ 14. ಇವುಗಳಲ್ಲಿ ಅಲುಗಾಡುವುದು ಕೆಳದವಡೆ ಒಂದೇ. ಜಗತ್ತಿನ ಜಗಳಗಳೆಲ್ಲ ಆ ಒಂದರಿಂದಲೇ ಹುಟ್ಟುತ್ತವೆಂದು ನನಗೆ ತೋರಿತು.

"ಇದು ಹೆಗಲಿನದು, ಅಪ್ಪ" ಎಂದು ತೆಳ್ಳನೆಯ ಮುಕ್ಕೋನದ ಮೂಳೆಯೊಂದನ್ನು ಮಗಳು ನನ್ನ ಕೈಗಿತ್ತಳು. ಅಷ್ಟು ತೆಳುವಾದದ್ದು ನನ್ನನ್ನು ಹೊತ್ತಿತ್ತೆ? ಬಹಳ ಹೊತ್ತು ಅದನ್ನು ಕೆಳಗಿಡಲಾರದೆ ಹೋದೆ.

ಅಷ್ಟರಲ್ಲಿ ಬಾಗಿಲ ಮರೆಯಿಂದ ಅಮ್ಮನ ದನಿ ಬಂದಿತು: "ಆ ಗೀಟುಗಳೇ ಬ್ರಹ್ಮ ಬರೆದ ಹಣೆಬರಹ. ಓದಬಲ್ಲೆಯೇನೆ, ಡಾಕ್ಟರಮ್ಮ?"

ಬುರುಡೆಯ ಮೇಲೆ ಅಂಕುಡೊಂಕಾಗಿ ಹರಿದ ಗೆರೆಗಳು ಲಿಪಿಯಂತೆಯೇ ಕಾಣುತ್ತಿದ್ದವು.

"ಓದುತ್ತೇನೆ, ಅಜ್ಜಿ. ಇವು ಮೂಳೆಗಳ ಹೊಲಿಗೆಗಳು. ಕೂಸಿನ ತಲೆ ಗಟ್ಟಿ ಚಿಪ್ಪಾಗಿದ್ದರೆ ತಾಯಿಯ ಇಕ್ಕಟ್ಟಾದ ದಾರಿಯಲ್ಲಿ ಬರುವುದು ಕಷ್ಟ. ಅದಕ್ಕೇ ಆಗ ಮೂಳೆಗಳು ಬಿಡಿಯಾಗಿರುತ್ತವೆ. ಅಂಚುಗಳು ಒಂದರ ಮೇಲೊಂದು ಸರಿದು ತಲೆಗೆ ದಾರಿ ಮಾಡಿಕೊಡುತ್ತವೆ. ಆಮೇಲೆ ಮಿದುಳು ಬೆಳೆಯುವುದಕ್ಕೂ ಈ ಸಂದುಗಳು ಬೇಕು. ಇಗೋ, ಹಣೆಯ ಮೂಳೆಯೂ ಪಕ್ಕದ ಎರಡು ಮೂಳೆಗಳೂ ಕೂಡುವ ಈ ಸ್ಥಳವೇ ನೆತ್ತಿ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ."

ನೆತ್ತಿ ಎಂದೊಡನೆ ಅಮ್ಮ ಜಗುಲಿಗೆ ಬಂದಳು. ನಮ್ಮೆಲ್ಲರ ನೆತ್ತಿಗೂ ಹರಳೆಣ್ಣೆ ಒತ್ತಿದ ಕೈ ಅದು. ಅಳುಕುತ್ತಲೇ ಒಂದು ಬೆರಳನ್ನು ಆ ಕೂಡಲಿನ ಮೇಲಿಟ್ಟಳು.

"ಇವನಿಗೂ ಯಾರೋ ಎಣ್ಣೆ ಒತ್ತಿರಬೇಕು. ಯಾರ ಮಗನೋ?"

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ರಾಜ್ಯದ 1957ರ ಕಾಯಿದೆಯಂತೆ ವಾರಸುದಾರರಿಲ್ಲದ ದೇಹಗಳು ಓದಿಗೆ ಒದಗುತ್ತವೆ. ತಾವಾಗಿಯೇ ದೇಹದಾನ ಮಾಡುವವರೂ ಇದ್ದಾರೆ. ಇವನು ಯಾರಾಗಿದ್ದನೋ, ಅದನ್ನು ಯಾವ ಗೆರೆಯೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಗಳು ಹೊರಡುವಾಗ ಚೀಲ ಜಗುಲಿಯಲ್ಲಿರಲಿಲ್ಲ. ಒಳಗೆ ಅಮ್ಮ ತನ್ನ ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಬುರುಡೆಯನ್ನು ಸುತ್ತುತ್ತಿದ್ದಳು.

"ಬಸ್ಸಿನಲ್ಲಿ ಕುಲುಕಾಟ ಜಾಸ್ತಿ. ಕೆಳಗಿಡಬೇಡ, ಮಡಿಲಲ್ಲಿಟ್ಟುಕೊ" ಎಂದಳು.